ಓದುಗರ ಪ್ರಶ್ನೆ: ಒಟ್ಟಾವಾದಿಂದ ಇಕಾಲುಯಿಟ್ಟಿಗೆ ಎಷ್ಟು ದೂರ, ಮೇಷ್ಟ್ರ ದಾರ ಸರಿಯಾ ವೆಬ್‌ಸೈಟ್ ಸರಿಯಾ?

ಈ ಸಲ ತಿಪಟೂರಿಂದ ಒಬ್ರು ನಿವೃತ್ತ ಮೇಷ್ಟ್ರು ಉದ್ದದ ಪತ್ರ ಬರೆದಿದಾರೆ. ಅವರ ಮಗ ಸೊಸೆ ಕೆನಡಾದ ಒಟ್ಟಾವಾದಲ್ಲಿದಾರೆ, ಸೊಸೆ ನರ್ಸು, ಈಗ ಉತ್ತರದ ಇಕಾಲುಯಿಟ್ ಅನ್ನೋ ಊರಿನ ಆಸ್ಪತ್ರೆಲಿ ಕೆಲಸ ಸಿಕ್ಕಿದೆಯಂತೆ. ಪತ್ರದಲ್ಲಿ ಪ್ರಶ್ನೆ ಮೇಲೆ ಪ್ರಶ್ನೆ ಇದೆ, ಹಾಗಾಗಿ ಅದನ್ನೇ ಬಿಡಿಸಿಕೊಂಡು ಒಂದೊಂದಾಗಿ ಉತ್ತರ ಕೊಡ್ತೀನಿ, ಆಮೇಲೆ ಬೇರೆಯವರದ್ದು ಒಂದೆರಡು.

ಪ್ರಶ್ನೆ: ನಮ್ಮ ಮನೆ ಗೋಡೆ ಮೇಲಿರೋ ಪ್ರಪಂಚದ ಭೂಪಟದ ಮೇಲೆ ದಾರ ಇಟ್ಟು, ಕೆಳಗಿನ ಸ್ಕೇಲಿಗೆ ಹಿಡಿದು ನೋಡಿದೆ, ಒಟ್ಟಾವಾದಿಂದ ಇಕಾಲುಯಿಟ್ಟಿಗೆ 3,700 ಕಿಲೋಮೀಟರ್ ಬಂತು. ಮಗ 2,100 ಅಂತಾನೆ. ನನಗೆ ಸಮಾಧಾನ ಆಗ್ಲಿ ಅಂತ ಸುಳ್ಳು ಹೇಳ್ತಿದಾನಾ?

ಇಲ್ಲ ಸರ್, ಮಗ ಹೇಳಿದ್ದೇ ಸರಿ. ದಾರದ್ದೂ ತಪ್ಪಿಲ್ಲ, ನೀವು ಅಳೆದಿದ್ದೂ ಸರಿಯಾಗೇ ಇದೆ, ತೊಂದ್ರೆ ಇರೋದು ಗೋಡೆ ಮೇಲಿನ ಭೂಪಟದಲ್ಲಿ. ಆ ಪಟಗಳಲ್ಲಿ ಬಹಳಷ್ಟು ಮರ್ಕೇಟರ್ ಪದ್ಧತಿದು, ಗುಂಡಗಿರೋ ಭೂಮಿನ ಚಪ್ಪಟೆ ಕಾಗದದ ಮೇಲೆ ತರೋವಾಗ ಧ್ರುವದ ಕಡೆ ಹೋದಷ್ಟೂ ಹಿಗ್ಗಿಸ್ತಾ ಹೋಗ್ತಾರೆ. ಕೆಳಗೆ ಬರೆದಿರೋ ಸ್ಕೇಲು ಸಾಮಾನ್ಯವಾಗಿ ಸಮಭಾಜಕ ವೃತ್ತದ ಹತ್ರ ಮಾತ್ರ ನಿಜ. ಒಟ್ಟಾವಾ ಇರೋ 45 ಡಿಗ್ರಿಲಿ ಎಲ್ಲಾ ಒಂದೂಕಾಲು ಪಟ್ಟಿಗಿಂತ ಜಾಸ್ತಿ ಎಳೆದಿರ್ತಾರೆ, ಇಕಾಲುಯಿಟ್ ಇರೋ 63-64 ಡಿಗ್ರಿಗೆ ಬರೋಷ್ಟರಲ್ಲಿ ಅದು ಎರಡು ಪಟ್ಟು ದಾಟಿರುತ್ತೆ. ಆ ಹಿಗ್ಗಿದ ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ, ನಿಮ್ಮ 3,700 ಕರಾರುವಾಕ್ಕಾಗಿ ಬರುತ್ತೆ, ದಾರ ಹಿಡಿಯೋದ್ರಲ್ಲಿ ನಿಮ್ಮ ಕೈ ಇನ್ನೂ ಗಟ್ಟಿ ಇದೆ ಬಿಡಿ.

ಭೂಪಟದ ಹಂಗೇ ಇಲ್ಲದೆ ಒಂದು ಕಾಗದ ಪೆನ್ಸಿಲ್ ಇಟ್ಕೊಂಡು ಲೆಕ್ಕ ಹಾಕೋಕಾಗುತ್ತೆ. ಇಕಾಲುಯಿಟ್ ವಿಮಾನ ನಿಲ್ದಾಣ 63 ಡಿಗ್ರಿ 45 ನಿಮಿಷ ಉತ್ತರ ಅಕ್ಷಾಂಶದಲ್ಲಿದೆ, ಒಟ್ಟಾವಾದ್ದು 45 ಡಿಗ್ರಿ 19 ನಿಮಿಷ. ಕಳೀರಿ, 18 ಡಿಗ್ರಿ 26 ನಿಮಿಷ ಉಳಿಯುತ್ತೆ, ಅಂದ್ರೆ 1,106 ನಿಮಿಷ. ಅಕ್ಷಾಂಶದ ಒಂದು ನಿಮಿಷ ಅಂದ್ರೆ ಒಂದು ನಾಟಿಕಲ್ ಮೈಲಿ, ಅದು 1.852 ಕಿಮೀ. ಗುಣಿಸಿದ್ರೆ 2,048. ಇಕಾಲುಯಿಟ್ ಒಟ್ಟಾವಾದ ನೆತ್ತಿ ಮೇಲೆ ನೇರವಾಗಿಲ್ಲ, ರೇಖಾಂಶದಲ್ಲಿ ಏಳು ಡಿಗ್ರಿಯಷ್ಟು ಪೂರ್ವಕ್ಕಿದೆ, ಆ ಓರೆಗೆ ಇನ್ನೊಂದೈವತ್ತು ಕಿಮೀ ಸೇರಿಸಿ, ಸುಮಾರು 2,100 ಆಯ್ತು. ಏಳು ಡಿಗ್ರಿ ಪಕ್ಕಕ್ಕೆ ಹೋದ್ರೆ ಬರೀ ಐವತ್ತೇನಾ ಅಂತ ಕೇಳ್ತೀರ ಅಂತ ಗೊತ್ತು, ಮೇಷ್ಟ್ರಲ್ವಾ, ರೇಖಾಂಶಗಳು ಮೇಲೆ ಹೋಗ್ತಾ ಒಂದಕ್ಕೊಂದು ಹತ್ರ ಬರ್ತವೆ, ಅದೂ ಅಲ್ದೆ ಅಷ್ಟು ಉದ್ದ ಮೇಲಕ್ಕೆ ಹೋಗೋವಾಗ ಸ್ವಲ್ಪ ಓರೆಯಾಗಿ ಹೋದ್ರೆ ಒಟ್ಟು ದೂರ ಅಷ್ಟೇನೂ ಬೆಳೆಯಲ್ಲ, ಪೈಥಾಗೊರಸ್ ನೀವೇ ಪಾಠ ಮಾಡಿರ್ತೀರ.

ಪ್ರಶ್ನೆ: ಹಾಗಾದ್ರೆ ಒಂದು ವೆಬ್‌ಸೈಟಲ್ಲಿ 1,130 ಅಂತ, ಇನ್ನೊಂದ್ರಲ್ಲಿ 1,300 ಅಂತ ಯಾಕಿದೆ?

1,130 ನಾಟಿಕಲ್ ಮೈಲಿ, 1,300 ಸಾದಾ ಮೈಲಿ, 2,100 ಕಿಲೋಮೀಟರ್. ಮೂರೂ ಒಂದೇ ದೂರ. ಸಂಖ್ಯೆ ಮುಂದೆ ಸಣ್ಣಕ್ಷರದಲ್ಲಿ ಏನಿದೆ ನೋಡ್ಕೊಳ್ಳಿ ಅಷ್ಟೇ.

ಪ್ರಶ್ನೆ: 2,100 ಅಂದ್ರೆ ನಮ್ಮ ಕಡೆ ಎಲ್ಲಿಂದ ಎಲ್ಲಿಗೆ? ವಿಮಾನ ಸಿಗದಿದ್ರೆ ರೈಲೋ ಬಸ್ಸೋ ಹಿಡಿದು ಒಟ್ಟಾವಾಗೆ ವಾಪಸ್ ಬರಬಹುದಲ್ವಾ?

ಬೆಂಗಳೂರು–ದೆಹಲಿ ವಿಮಾನದ ದಾರಿ ಸುಮಾರು 1,700 ಕಿಮೀ, ಬೆಂಗಳೂರು–ಲೇಹ್ ಸುಮಾರು 2,300. ಇದು ಎರಡರ ಮಧ್ಯೆ ಬರುತ್ತೆ, ಹೆಚ್ಚು ಕಮ್ಮಿ ಮೂರು ಗಂಟೆ ಪ್ರಯಾಣ. ಕೇಳೋಕೆ ಏನೂ ಅಲ್ಲ ಅನ್ಸುತ್ತೆ. ಆದ್ರೆ ಎರಡನೇ ಪ್ರಶ್ನೆ ಕೇಳಿದ್ರಲ್ಲ, ಅಲ್ಲೇ ಇರೋದು ವಿಷಯ. ರೈಲಿಲ್ಲ, ಬಸ್ಸಿಲ್ಲ, ರಸ್ತೆಯೇ ಇಲ್ಲ. ಇಕಾಲುಯಿಟ್ ಇರೋದು ಬ್ಯಾಫಿನ್ ದ್ವೀಪದಲ್ಲಿ, ನುನಾವುಟ್ ಪ್ರಾಂತ್ಯದ ರಾಜಧಾನಿ ಅದು. 1999ರ ಏಪ್ರಿಲ್ 1ಕ್ಕೆ ಅಲ್ಲಿನ ಮೂಲನಿವಾಸಿಗಳಾದ ಇನುಯಿಟ್ ಜನರ ಬೇಡಿಕೆ ಮೇಲೆ ಆದ ಪ್ರಾಂತ್ಯ, ವಿಸ್ತೀರ್ಣದಲ್ಲಿ ಕರ್ನಾಟಕಕ್ಕಿಂತ ಹತ್ತು ಪಟ್ಟು, ಜನ ಮಾತ್ರ ಇಡೀ ಪ್ರಾಂತ್ಯಕ್ಕೆ 2021ರ ಗಣತಿ ಪ್ರಕಾರ 37 ಸಾವಿರದ ಒಳಗೆ. ಇಪ್ಪತ್ತೈದು ಊರುಗಳಿವೆ, ಒಂದೂರಿಂದ ಇನ್ನೊಂದೂರಿಗೆ ಹೈವೇ ಇಲ್ಲ. ಇಕಾಲುಯಿಟ್ಟಲ್ಲಿ ಸುಮಾರು 7,400 ಜನ, ಊರೊಳಗೆ ಕಾರು ಟ್ಯಾಕ್ಸಿ ಎಲ್ಲಾ ಓಡಾಡ್ತವೆ, ಊರು ಮುಗಿದ ಕೂಡಲೇ ರಸ್ತೆನೂ ಮುಗೀತು. ಅಲ್ಲೊಂದು ರಸ್ತೆಗೆ 'ರೋಡ್ ಟು ನೋವೇರ್' ಅಂತಾನೇ ಹೆಸರು, ತಮಾಷೆಗಲ್ಲ, ಬೋರ್ಡ್ ಹಾಕಿದಾರೆ, ಸ್ವಲ್ಪ ದೂರ ಹೋಗಿ ಕಲ್ಲು ಪಾಚಿ ಬಯಲಲ್ಲಿ ನಿಂತೇ ಹೋಗುತ್ತೆ.

ಹಡಗು ಬರುತ್ತೆ, ಆದ್ರೆ ಸಮುದ್ರದ ಮೇಲಿನ ಮಂಜುಗಡ್ಡೆ ಕರಗಿದ ಮೇಲೆ, ಜುಲೈಯಿಂದ ಅಕ್ಟೋಬರ್ ತನಕ ಅಂದ್ಕೊಳ್ಳಿ. ಅದು ಸಾಮಾನು ಹೊರೋ ಹಡಗು. ಸಿಮೆಂಟು, ಕಾರು, ಸೋಫಾ, ವರ್ಷಕ್ಕಾಗೋಷ್ಟು ಅಕ್ಕಿ ಹಿಟ್ಟು, ಡೀಸೆಲ್ಲು, ವಿಮಾನದ ಇಂಧನ ಕೂಡ ಅದೇ ಕಾಲದಲ್ಲಿ ಬಂದು ಟ್ಯಾಂಕ್ ತುಂಬ್ಕೋಬೇಕು. ಅಲ್ಲಿನವರು ಇದನ್ನ ಸೀಲಿಫ್ಟ್ ಅಂತಾರೆ, ನಮ್ಮಲ್ಲಿ ಮಳೆಗಾಲಕ್ಕೆ ಮುಂಚೆ ಮಲೆನಾಡಿನ ಮನೆಗಳಲ್ಲಿ ಸೌದೆ ಹಪ್ಪಳ ಎಲ್ಲಾ ಒಟ್ಟು ಮಾಡಿ ಇಡ್ತಾರಲ್ಲ ಆ ಥರ, ಯಾವ ಹಡಗಿಗೆ ಏನು ತರಿಸಬೇಕು ಅಂತ ತಿಂಗಳುಗಟ್ಟಲೆ ಮುಂಚೆ ಪಟ್ಟಿ ಮಾಡ್ಕೋತಾರೆ.

ಹಾಗಾಗಿ ನಿಮ್ಮ ಸೊಸೆ ಒಟ್ಟಾವಾಗೆ ಬರಬೇಕು ಅಂದ್ರೆ ವಿಮಾನವೇ. ಅದೂ ಹವಾಮಾನ ಒಪ್ಪಿದ್ರೆ. ಬ್ಲಿಝರ್ಡ್ ಅಂತ ಹಿಮಗಾಳಿ ಎದ್ದರೆ ಎದುರಿಗಿರೋ ಕಟ್ಟಡ ಕಾಣಲ್ಲ, ಆಫೀಸು ಸ್ಕೂಲು ಎಲ್ಲಾ ಮುಚ್ತಾರೆ, ವಿಮಾನ ಒಂದು ದಿನ ಎರಡು ದಿನ ಬರೋದೇ ಇಲ್ಲ. ಇಲ್ಲಾ ಅಂದ್ರೆ ಒಟ್ಟಾವಾದಿಂದ ಹೊರಟು, ಊರಿನ ಮೇಲೊಂದು ಸುತ್ತು ಹಾಕಿ, ರನ್‌ವೇ ಕಾಣದೆ ವಾಪಸ್ಸು ದಕ್ಷಿಣಕ್ಕೆ ತಿರುಗಿರೋ ವಿಮಾನಗಳೂ ಉಂಟು. ಇಕಾಲುಯಿಟ್ ಬಿಟ್ರೆ ಆ ದಾರಿಲಿ ಇಳಿಯೋಕೆ ಹೇಳಿಕೊಳ್ಳೋ ಅಂಥ ಜಾಗ ಅಂದ್ರೆ ಕ್ವಿಬೆಕ್‌ನ ಉತ್ತರದ ಕುಜ್ಜುವಾಕ್, ಅದೇ 630 ಕಿಮೀ ಹಿಂದೆ. ಬೆಂಗಳೂರಿಗೆ ಬರೋ ವಿಮಾನ ಮಂಜಿನಿಂದ ಇಳಿಯೋಕಾಗದೆ ಚೆನ್ನೈಗೆ ಹೋಯ್ತು ಅಂತ ನಾವು ಗೊಣಗ್ತೀವಲ್ಲ, ಇಲ್ಲಿ ಪಕ್ಕದ ನಿಲ್ದಾಣ ಅಂದ್ರೆ ಅದಕ್ಕಿಂತ ಎರಡು ಪಟ್ಟು ದೂರ.

ಪ್ರಶ್ನೆ: ಹೋಗಿ ಬರೋ ಟಿಕೆಟ್ ಲಕ್ಷ ರೂಪಾಯಿ ಮೇಲೆ ಅಂತಾನೆ ಮಗ. ಬೆಂಗಳೂರು–ಲೇಹ್‌ಗಿಂತ ಕಡಿಮೆ ದೂರಕ್ಕೆ ಅಷ್ಟು ದುಡ್ಡಾ? ಹಗಲು ದರೋಡೆ ಅಲ್ವಾ?

ಅಲ್ಲಿನ ಜನ ಕೂಡ ಇದೇ ಮಾತಾಡ್ತಾರೆ. ಹೋಗಿ ಬರೋದಕ್ಕೆ ಎರಡು ಸಾವಿರ ಕೆನಡಾ ಡಾಲರ್ ದಾಟೋದು ಅಲ್ಲೇನೂ ಅಪರೂಪ ಅಲ್ಲ, ಅದಕ್ಕಿಂತ ಕಡಿಮೆ ದುಡ್ಡಲ್ಲಿ ಕೆನಡಾದವರು ಯುರೋಪಿಗೆ ಹೋಗಿ ಬರ್ತಾರೆ. ಟಿಕೆಟ್ ದರ ಕಿಲೋಮೀಟರ್ ಲೆಕ್ಕದ ಮೇಲೆ ನಿಲ್ಲೋದಾಗಿದ್ರೆ ಜಗಳವೇ ಇರ್ತಿರ್ಲಿಲ್ಲ, ಅದು ನಿಲ್ಲೋದು ಎಷ್ಟು ಜನ ಹತ್ತುತಾರೆ, ಎಷ್ಟು ಕಂಪನಿ ಪೈಪೋಟಿಲಿದಾವೆ ಅನ್ನೋದ್ರ ಮೇಲೆ. ದೆಹಲಿಗೆ ದಿನಾ ಎಷ್ಟೊಂದು ವಿಮಾನ, ಒಬ್ಬರಿಗಿಂತ ಒಬ್ಬರು ಕಮ್ಮಿ ಮಾಡ್ತಾರೆ. ಇಲ್ಲಿ ಉತ್ತರದಲ್ಲಿ ಓಡಾಡ್ತಿದ್ದ ಎರಡು ದೊಡ್ಡ ಕಂಪನಿಗಳು, ಫಸ್ಟ್ ಏರ್ ಮತ್ತೆ ಕೆನೇಡಿಯನ್ ನಾರ್ತ್, 2019ರಲ್ಲಿ ಒಂದಾದವು. ಆಗ ಎರಡೂ ಇನುಯಿಟ್ ಸಂಸ್ಥೆಗಳ ಒಡೆತನದಲ್ಲೇ ಇದ್ದವು, ಎರಡೂ ಅರ್ಧ ಖಾಲಿ ವಿಮಾನ ಹಾರಿಸಿ ನಷ್ಟ ಮಾಡ್ಕೊಳ್ಳೋದಕ್ಕಿಂತ ಸೇರೋದೇ ವಾಸಿ ಅನ್ನೋ ವಾದ. ವಾದದಲ್ಲಿ ಅರ್ಥ ಇದೆ, ಆದ್ರೆ ಪೈಪೋಟಿ ಹೋದ ಮೇಲೆ ಕೌಂಟರ್ ಮುಂದೆ ನಿಂತೋನಿಗೆ ಬೇರೆ ದಾರಿನೇ ಉಳಿಯಲ್ಲ ಅನ್ನೋದೂ ಅಷ್ಟೇ ನಿಜ, ಈ ವಿಷಯದಲ್ಲಿ ನನ್ನ ಓಟು ಪ್ರಯಾಣಿಕರ ಕಡೆಗೇ.

ಇನ್ನೊಂದು ವಿಷಯ, ಈ ವಿಮಾನಗಳಲ್ಲಿ ಹಲವು ಪೂರ್ತಿ ಜನರ ವಿಮಾನಗಳಲ್ಲ. ಕಾಂಬಿ ಅಂತಾರೆ, ಬೋಯಿಂಗ್ 737 ಒಳಗೆ ಮಧ್ಯೆ ಒಂದು ಗೋಡೆ, ಮುಂದಿನ ಭಾಗದಲ್ಲಿ ಸಾಮಾನು, ಹಿಂದೆ ಸೀಟುಗಳು. ನೀವು ಹಿಂದಿನ ಮೆಟ್ಟಿಲಿಂದ ಹತ್ತಿ ಕೂತ್ರೆ ಮುಂದೆ ಪೈಲಟ್‌ಗೂ ನಿಮಗೂ ಮಧ್ಯೆ ಹಾಲು, ಟೊಮೆಟೊ, ಅಂಚೆ ಮೂಟೆ, ಆಸ್ಪತ್ರೆ ಔಷಧಿ ಇರುತ್ತೆ. ಅಂಗಡಿಲಿ ಸಿಗೋ ತಾಜಾ ಹಣ್ಣು ತರಕಾರಿ ಎಲ್ಲಾ ಹೀಗೇ ಬರೋದು, ಅದಕ್ಕೇ ಬೆಲೆ ಕೇಳಿದ್ರೆ ತಲೆ ತಿರುಗುತ್ತೆ. 2011ರಿಂದ ನ್ಯೂಟ್ರಿಷನ್ ನಾರ್ತ್ ಅಂತ ಸರ್ಕಾರದ ಸಬ್ಸಿಡಿ ಇದೆ, ಆದ್ರೂ ಸೌತ್‌ಗಿಂತ ದುಬಾರಿನೇ. (ಅಲ್ಲಿ ಒಟ್ಟಾವಾ, ಮಾಂಟ್ರಿಯಲ್ ಎಲ್ಲವನ್ನೂ ಒಟ್ಟಿಗೆ ಸೌತ್ ಅಂತಾರೆ. ಹಿಮದಲ್ಲಿ ಮುಳುಗಿರೋ ಒಟ್ಟಾವಾ ಸೌತ್! ನಾವೇನಾಗಬೇಕು.)

ದುಡ್ಡು ಕೊಟ್ಟು ಹೋಗೋರಷ್ಟೇ ಅಲ್ಲ, ಆಸ್ಪತ್ರೆಗೆ ಅಂತ ವಿಮಾನ ಹತ್ತಲೇಬೇಕಾದವರೂ ಬಹಳ ಜನ ಅಂತ ನಿಮ್ಮ ಸೊಸೆಗೆ ಹೋದ ಕೂಡಲೇ ಗೊತ್ತಾಗುತ್ತೆ. ಇಕಾಲುಯಿಟ್ಟಿನ ಕಿಕಿಕ್ತಾನಿ ಆಸ್ಪತ್ರೆ ಆ ಇಡೀ ಭಾಗಕ್ಕೆ ದೊಡ್ಡಾಸ್ಪತ್ರೆ. ಸುತ್ತಲಿನ ಸಣ್ಣ ಊರುಗಳಲ್ಲಿ ನರ್ಸುಗಳು ನಡೆಸೋ ಆರೋಗ್ಯ ಕೇಂದ್ರ ಮಾತ್ರ, ಅಲ್ಲಿನ ಗರ್ಭಿಣಿಯರು ದಿನ ತುಂಬೋಕೆ ಕೆಲವು ವಾರ ಮುಂಚೆನೇ ಗಂಟುಮೂಟೆ ಕಟ್ಕೊಂಡು ಇಕಾಲುಯಿಟ್ಟಿಗೆ ಬಂದು ಕಾಯ್ತಾ ಕೂರ್ತಾರೆ, ಹೆರಿಗೆ ಕಷ್ಟ ಇದೆ ಅಂದ್ರೆ ಒಟ್ಟಾವಾಗೇ ಕಳಿಸ್ತಾರೆ. ಮನೆಯವರಲ್ಲಿ ಹೆಚ್ಚಿನವರು ಊರಲ್ಲೇ. ಕ್ಯಾನ್ಸರ್, ಹೃದಯ, ಮಕ್ಕಳ ದೊಡ್ಡ ಕಾಯಿಲೆ ಎಲ್ಲಕ್ಕೂ ಒಟ್ಟಾವಾ. ಅಲ್ಲಿ ಈ ರೋಗಿಗಳು ಉಳ್ಕೊಳ್ಳೋಕೆ ಅಂತಾನೇ ಲಾರ್ಗಾ ಬ್ಯಾಫಿನ್ ಅನ್ನೋ ವಸತಿ ಮನೆ ಇದೆ. ಈ ಪ್ರಯಾಣದ ಖರ್ಚು ಸರ್ಕಾರದ್ದು, ಆದ್ರೆ ತವರಿಗೆ ಹೋಗಿ ಹೆರೋದು ಅಂದ್ರೆ ಮನೆ ತುಂಬ ಜನ ಅಂತ ಗೊತ್ತಿರೋ ನಮಗೆ, ಸಾವಿರಾರು ಕಿಲೋಮೀಟರ್ ಹಾರಿ ಗೊತ್ತಿಲ್ಲದ ಊರಲ್ಲಿ ಹೆರೋದು ಏನು ಅಂತ ಕಲ್ಪಿಸ್ಕೊಳ್ಳೋಕೂ ಕಷ್ಟ.

ಪ್ರಶ್ನೆ: ನಾನೂ ನನ್ನ ಹೆಂಡತಿನೂ ಹೋಗೋದಾದ್ರೆ ಬೆಂಗಳೂರಿಂದ ಎಷ್ಟು ದೂರ? ಒಟ್ಟಾವಾನೇ ಪ್ರಪಂಚದ ಆ ತುದಿ, ಅದಕ್ಕಿಂತ ಇನ್ನೂ ಆಚೆ ಅಂದ್ರೆ ಇವಳು ಈಗ್ಲೇ ಅಳ್ತಿದಾಳೆ.

ಅಳಬೇಡಿ ಅಂತ ಹೇಳಿ. ಇದನ್ನ ಓದಿ ತೋರಿಸಿ: ಸೊಸೆ ನಿಮಗೆ ಎರಡು ಸಾವಿರ ಕಿಲೋಮೀಟರ್ ಹತ್ತಿರ ಬರ್ತಿದಾಳೆ.

ನಿಜವಾಗ್ಲೂ. ಬೆಂಗಳೂರಿಂದ ಒಟ್ಟಾವಾಗೆ ಭೂಮಿ ಮೇಲಿನ ಅತಿ ಹತ್ತಿರದ ದಾರಿ ಸುಮಾರು 13,000 ಕಿಮೀ, ಬೆಂಗಳೂರಿಂದ ಇಕಾಲುಯಿಟ್ಟಿಗೆ ಸುಮಾರು 11,000. ನಿಮ್ಮ ಗೋಡೆ ಪಟದಲ್ಲಿ ಇದು ಕಾಣೋದೇ ಇಲ್ಲ, ಅಲ್ಲಿ ಕೆನಡಾಗೆ ಹೋಗ್ಬೇಕು ಅಂದ್ರೆ ಅರಬ್ಬಿ ಸಮುದ್ರ, ಆಫ್ರಿಕಾ, ಅಟ್ಲಾಂಟಿಕ್ ದಾಟಿ ಎಡಕ್ಕೆ ಎಡಕ್ಕೆ ಹೋಗ್ಬೇಕು ಅನ್ಸುತ್ತೆ. ಶಾಲೆಲಿ ಗ್ಲೋಬ್ ಇದ್ರೆ ಅದೇ ದಾರ ತಗೊಂಡು ಬೆಂಗಳೂರಿನ ಮೇಲೊಂದು ತುದಿ, ಒಟ್ಟಾವಾ ಮೇಲೊಂದು ತುದಿ ಇಟ್ಟು ಬಿಗಿಯಾಗಿ ಎಳೀರಿ. ದಾರ ತಾನಾಗೇ ಜಾರಿ ಮೇಲಕ್ಕೆ ಹೋಗುತ್ತೆ, ರಷ್ಯಾ ಮೇಲೆ ಹಾದು, ಆರ್ಕ್ಟಿಕ್ ದಾಟಿ, ಗ್ರೀನ್‌ಲ್ಯಾಂಡ್ ಕಡೆಯಿಂದ ಕೆಳಗಿಳಿದು ಕೆನಡಾಗೆ ಬರುತ್ತೆ, ಅಂದ್ರೆ ಕೆನಡಾದ ಉತ್ತರ ತುದಿ ನಮಗೆ ಮೊದಲು ಸಿಗುತ್ತೆ, ದಕ್ಷಿಣ ಆಮೇಲೆ.

ಆದ್ರೆ ಇದ್ರಿಂದ ನಿಮಗೆ ಒಂದು ಪೈಸೆ ಉಪಯೋಗ ಇಲ್ಲ ಅನ್ನೋದೇ ಬೇಜಾರು. ಬೆಂಗಳೂರಿಂದ ಇಕಾಲುಯಿಟ್ಟಿಗೆ ಯಾರೂ ವಿಮಾನ ಬಿಡಲ್ಲ, ಒಟ್ಟಾವಾಗೂ ನೇರ ವಿಮಾನ ಇಲ್ಲ. ಎಲ್ಲೋ ಒಂದು ಕಡೆ ಬದಲಾಯಿಸಿ ಒಟ್ಟಾವಾ ಮುಟ್ಟಿ, ಅಲ್ಲಿಂದ ಮತ್ತೆ 2,100 ಕಿಮೀ ಬಂದ ದಿಕ್ಕಿಗೇ ಅರ್ಧಂಬರ್ಧ ವಾಪಸ್ ಹಾರಬೇಕು. ಅತಿ ಹತ್ತಿರದ ಗೆರೆ ಲೆಕ್ಕ ಹಿಡಿದ್ರೂ 15,000 ಕಿಮೀ ಮೇಲಾಯ್ತು, ಹನ್ನೊಂದು ಸಾವಿರದ ಊರಿಗೆ. ಗಡಿಯಾರದ ವಿಷಯದಲ್ಲಿ ಮಾತ್ರ ಆರಾಮು, ಒಟ್ಟಾವಾ ಇಕಾಲುಯಿಟ್ ಎರಡೂ ಒಂದೇ ಟೈಮು, ಮಗನಿಗೆ ಫೋನ್ ಮಾಡೋ ಹೊತ್ತಲ್ಲೇ ಸೊಸೆಗೂ ಮಾಡ್ಬಹುದು.

ಹೋಗೋದಾದ್ರೆ ಒಂದು ಮಾತು, ವಾಪಸ್ ಬರೋವಾಗ ಇಕಾಲುಯಿಟ್ಟಿಂದ ಒಟ್ಟಾವಾಗೆ ಬಂದ ದಿನವೇ ಇಂಡಿಯಾ ವಿಮಾನ ಬುಕ್ ಮಾಡ್ಬೇಡಿ. ಎರಡೂ ಬೇರೆ ಬೇರೆ ಟಿಕೆಟ್ ಆಗಿದ್ದು ಹಿಮಗಾಳಿ ಎದ್ದು ಮೊದಲನೇದು ತಪ್ಪಿದ್ರೆ ಎರಡನೇದ್ರ ದುಡ್ಡು ಹೋದಂಗೇ. ಮಧ್ಯೆ ಒಂದೆರಡು ದಿನ ಮಗನ ಮನೇಲಿ ಇರಿ. ಬಿಪಿ ಶುಗರ್ ಮಾತ್ರೆ ಕೈಚೀಲದಲ್ಲೇ ಇರಲಿ, ಸೂಟ್‌ಕೇಸ್‌ಗೆ ಹಾಕ್ಬೇಡಿ.

ಪ್ರಶ್ನೆ: ಅಂಥ ಚಳಿಲಿ, ಹಿಮದ ಮೇಲೆ ವಿಮಾನ ಇಳಿಸೋದು ಅಪಾಯ ಅಲ್ವಾ?

ಇಕಾಲುಯಿಟ್ ಮಟ್ಟಿಗೆ ಹೆದರಿಕೆ ಬೇಡ. ಎರಡನೇ ಮಹಾಯುದ್ಧದಲ್ಲಿ, 1942ರಲ್ಲಿ, ಅಮೆರಿಕದವರು ಯುರೋಪಿಗೆ ಯುದ್ಧವಿಮಾನ ಸಾಗಿಸೋಕೆ ಅಂತ ಅಲ್ಲಿ ರನ್‌ವೇ ಮಾಡೋಕೆ ಜಾಗ ಹುಡುಕಿದ್ದು, ಊರು ಬೆಳೆದಿದ್ದೇ ಆ ನಿಲ್ದಾಣದ ಪಕ್ಕ. ಆಗ ಊರಿನ ಹೆಸರು ಫ್ರೋಬಿಷರ್ ಬೇ, 1987ರಲ್ಲಿ ಇಕಾಲುಯಿಟ್ ಆಯ್ತು, ಟಿಕೆಟ್ ಮೇಲಿನ ನಿಲ್ದಾಣದ ಕೋಡು ಮಾತ್ರ ಇವತ್ತಿಗೂ ವೈಎಫ್‌ಬಿ. ರನ್‌ವೇ ಎರಡೂವರೆ ಕಿಮೀಗಿಂತ ಉದ್ದ, ಟಾರು ಹಾಕಿದ್ದು. 2006ರಲ್ಲಿ ಏರ್‌ಬಸ್‌ನವರು ಆ ದೈತ್ಯ ಎ380ನ ಚಳಿಗೆ ಒಡ್ಡಿ ನೋಡೋಣ ಅಂತ ತಗೊಂಡು ಹೋಗಿದ್ದು ಇದೇ ಊರಿಗೆ. ಯುರೋಪಿಂದ ಅಮೆರಿಕಾಗೆ ಹೋಗೋ ವಿಮಾನಗಳಿಗೆ ದಾರಿಲಿ ಎಂಜಿನ್ ಕೈಕೊಟ್ರೆ ಇಳಿಯೋ ಜಾಗಗಳಲ್ಲಿ ಇದೂ ಒಂದು.

ಇನ್ನೂ ಉತ್ತರಕ್ಕೆ ಹೋದಾಗ ಕಥೆ ಬೇರೆ. ಅಲ್ಲಿ ರನ್‌ವೇಗಳು ಜಲ್ಲಿಕಲ್ಲಿನವು, ಜೆಟ್ ಇಳಿಯೋವಾಗ ಮುಂದಿನ ಚಕ್ರ ಕಲ್ಲು ಎರಚಿ ಎಂಜಿನ್ನಿಗೆ ಬಡಿಯಬಾರದು ಅಂತ ಹಳೇ 737-200 ವಿಮಾನಗಳ ಮೂತಿ ಚಕ್ರದ ಹಿಂದೆ ಒಂದು ತಗಡು ಕಟ್ಟಿರ್ತಿದ್ರು, ಎಂಜಿನ್ ಬಾಯಿ ಕೆಳಗೆ ಗಾಳಿ ಊದೋ ಸಣ್ಣ ಕೊಳವೆ ಇರ್ತಿತ್ತು. ಇನ್ನು ದಿಕ್ಕು. ಕಾಂತೀಯ ಧ್ರುವದ ಸುತ್ತಮುತ್ತ ಸಾದಾ ದಿಕ್ಸೂಚಿ ನಂಬೋ ಹಾಗಿಲ್ಲ, ಮುಳ್ಳು ಸುಮ್ನೆ ಓಲಾಡುತ್ತೆ, ಹಾಗಾಗಿ ಕೆನಡಾದ ಉತ್ತರದ ಆಕಾಶದಲ್ಲಿ ಕಾಂತೀಯ ಉತ್ತರ ಬಿಟ್ಟು ನಿಜವಾದ ಉತ್ತರದ ಲೆಕ್ಕದಲ್ಲೇ ಹಾರಿಸ್ತಾರೆ. ಇದು ತಪ್ಪಿದ್ರೆ ಏನಾಗುತ್ತೆ ಅನ್ನೋದಕ್ಕೆ ಇಕಾಲುಯಿಟ್ಟಿಗಿಂತ ಇನ್ನೂ ಉತ್ತರದ ರೆಸಲ್ಯೂಟ್ ಅನ್ನೋ ಊರಲ್ಲಿ 2011ರ ಆಗಸ್ಟ್ 20ಕ್ಕೆ ಆದ ವಿಮಾನ ದುರಂತ ಇದೆ, 15 ಜನರಲ್ಲಿ 12 ಜನ ಹೋದ್ರು, ವಿಮಾನ ರನ್‌ವೇ ಬಿಟ್ಟು ಪಕ್ಕದ ಗುಡ್ಡಕ್ಕೆ ಬಡೀತು. ತನಿಖೆಲಿ ಸಿಕ್ಕ ಹಲವು ಕಾರಣಗಳಲ್ಲಿ ಕಂಪಾಸ್ ದಿಕ್ಕು ಕೆಲವು ಡಿಗ್ರಿ ಆಚೀಚೆ ಆಗಿದ್ದೂ ಒಂದು.

ಪ್ರಶ್ನೆ: ಕೆನಡಾದಲ್ಲಿ ಇಕಾಲುಯಿಟ್ಟೇ ಕೊನೇ ಊರಾ? — ಕಾಲೇಜು ವಿದ್ಯಾರ್ಥಿನಿ, ಶಿವಮೊಗ್ಗ (ಮೇಷ್ಟ್ರ ಪ್ರಶ್ನೆಗೂ ಇದಕ್ಕೂ ಸಂಬಂಧ ಇಲ್ಲ, ಕಾಕತಾಳೀಯ)

ಅಯ್ಯೋ ಇಲ್ಲಮ್ಮ, ಇಕಾಲುಯಿಟ್ ಆರ್ಕ್ಟಿಕ್ ವೃತ್ತದ ಒಳಗೂ ಬರಲ್ಲ, ಡಿಸೆಂಬರಲ್ಲೂ ದಿನಕ್ಕೆ ನಾಲ್ಕು ಗಂಟೆ ಮೇಲೆ ಬಿಸಿಲಿರುತ್ತೆ. ಸಾಮಾನ್ಯ ಜನ ಸಂಸಾರ ಮಾಡ್ಕೊಂಡಿರೋ ಕೆನಡಾದ ಕೊನೇ ಊರು ಗ್ರೀಸ್ ಫಿಯರ್ಡ್, 76 ಡಿಗ್ರಿ ದಾಟಿ, ಜನ ನೂರೈವತ್ತರ ಒಳಗೆ. ಒಟ್ಟಾವಾದಿಂದ ನೇರ ಗೆರೆ ಎಳೆದ್ರೆ 3,470 ಕಿಮೀ. ಆದ್ರೆ ಆ ಗೆರೆ ಮೇಲೆ ವಿಮಾನ ಇಲ್ಲ, ಇಕಾಲುಯಿಟ್, ಅಲ್ಲಿಂದ ಸುಮಾರು 1,575 ಕಿಮೀ ರೆಸಲ್ಯೂಟ್, ಅಲ್ಲಿಂದ ಹತ್ತೊಂಬತ್ತು ಸೀಟಿನ ಟ್ವಿನ್ ಆಟರ್ ಅನ್ನೋ ಪುಟ್ಟ ವಿಮಾನದಲ್ಲಿ 380 ಕಿಮೀ, ಒಟ್ಟು ನಾಲ್ಕು ಸಾವಿರ ದಾಟುತ್ತೆ. ಜೆಟ್ ಅಲ್ಲಿ ಇಳಿಯೋಕೆ ಜಾಗನೇ ಇಲ್ಲ, ಒಂದು ಕಡೆ ಬೆಟ್ಟ ಒಂದು ಕಡೆ ಸಮುದ್ರ, ಮಧ್ಯೆ ಸಣ್ಣ ಪಟ್ಟಿ.

ಅಷ್ಟು ದೂರ ಹೋಗಿ ಊರು ಯಾಕೆ ಮಾಡಿದ್ರು ಅಂತ ಕೇಳ್ಬೇಕಲ್ಲ? ಅವರಾಗೇ ಹೋಗ್ಲಿಲ್ಲ. 1953ರಲ್ಲಿ ಕೆನಡಾ ಸರ್ಕಾರ ಕ್ವಿಬೆಕ್‌ನ ಇನುಕ್ಜುವಾಕ್‌ನಿಂದ ಇನುಯಿಟ್ ಕುಟುಂಬಗಳನ್ನ ಹಡಗಲ್ಲಿ ತಂದು ಇಲ್ಲೂ ರೆಸಲ್ಯೂಟಲ್ಲೂ ಬಿಟ್ಟಿತು, ಬೇಟೆ ಚೆನ್ನಾಗಿದೆ, ಬೇಡ ಅಂದ್ರೆ ಎರಡು ವರ್ಷಕ್ಕೆ ವಾಪಸ್ ಕರ್ಕೊಂಡು ಬರ್ತೀವಿ ಅಂತ ಮಾತು ಕೊಟ್ಟು. ಬಂದವರಿಗೆ ತಿಂಗಳುಗಟ್ಟಲೆ ಸೂರ್ಯ ಇಲ್ಲದ ಕತ್ತಲೆಯ ಅನುಭವವೇ ಇರ್ಲಿಲ್ಲ. ವಾಪಸ್ ಕರ್ಕೊಂಡು ಹೋಗೋ ಮಾತು ನಡೀಲೇ ಇಲ್ಲ. ಆರ್ಕ್ಟಿಕ್ ಮೇಲೆ ಕೆನಡಾದ ಹಕ್ಕು ತೋರಿಸ್ಕೊಳ್ಳೋಕೆ ಜನರನ್ನ ಬಾವುಟದ ಕಂಬ ಮಾಡಿದ್ರು ಅಂತ ಆ ಕುಟುಂಬಗಳ ಆರೋಪ, ಸರ್ಕಾರ ಕೊನೆಗೆ 2010ರಲ್ಲಿ ಕ್ಷಮೆ ಕೇಳ್ತು.

ಪ್ರಶ್ನೆ: ನಮ್ಮ ಬೆಂಗಳೂರು ವಿಮಾನ ಉತ್ತರ ಧ್ರುವದ ಮೇಲೆ ಹೋಗಿತ್ತು ಅಂತಾರೆ, ಖರೇನಾ? — ಓದುಗರು, ಹುಬ್ಬಳ್ಳಿ

ಖರೇ ರೀ. 2021ರ ಜನವರಿಯಾಗ ಏರ್ ಇಂಡಿಯಾದ್ದು ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಮೊದಲ ನೇರ ವಿಮಾನ, ಪೈಲಟ್‌ಗಳೆಲ್ಲಾ ಹೆಣ್ಮಕ್ಕಳೇ, ಕ್ಯಾಪ್ಟನ್ ಝೋಯಾ ಅಗರ್ವಾಲ್ ಮುಂದಾಳತ್ವ. ಧ್ರುವದ ಮೇಲೆ ಹಾದು 11ನೇ ತಾರೀಕು ಬೆಂಗಳೂರಾಗ ಇಳೀತು. ಎರಡೂ ಊರಿನ ನಡುವೆ ನೇರ ದೂರ ಸುಮಾರು 14,000 ಕಿಮೀ. ಮೇಷ್ಟ್ರಿಗೆ ಗ್ಲೋಬ್ ಮೇಲೆ ದಾರ ಎಳೀರಿ ಅಂದೆನಲ್ಲ, ಅದೇ ಲೆಕ್ಕ.

ಕೊನೇದು, ಮತ್ತೆ ತಿಪಟೂರು ಮೇಷ್ಟ್ರು: ಸೊಸೆಗೆ ಇಲ್ಲಿಂದ ಏನಾದ್ರೂ ಕಳಿಸ್ಬೇಕು ಅಂತ ಇವಳ ಹಟ. ಏನು ಕಳಿಸ್ಲಿ?

ಅಕ್ಕಿ ಬೇಳೆ ಇಲ್ಲಿಂದ ಹೊರಬೇಡಿ ಸರ್, ಒಟ್ಟಾವಾದ ಇಂಡಿಯನ್ ಅಂಗಡಿಲಿ ಸಿಗುತ್ತೆ, ಮಗ ಅಲ್ಲಿಂದ ಡಬ್ಬ ತುಂಬಿಸಿ ಜೊತೇಲಿ ಕಳಿಸ್ಲಿ. ಉತ್ತರಕ್ಕೆ ಹೋಗೋರು ಸೂಟ್‌ಕೇಸ್‌ಗಿಂತ ದೊಡ್ಡ ಪ್ಲಾಸ್ಟಿಕ್ ಡಬ್ಬಗಳಿಗೆ ಟೇಪ್ ಸುತ್ತಿ ಚೆಕ್-ಇನ್ ಮಾಡೋದೇ ಹೆಚ್ಚು. ನೀವು ಸಾರಿನಪುಡಿ, ಹುಳಿಪುಡಿ, ಚಟ್ನಿಪುಡಿ ಕಳಿಸಿ. ಒಣಗಿದ್ದು, ಹಗುರ, ಕೆಡಲ್ಲ. ತೆಂಗಿನಕಾಯಿ ಊರಿನವರು ಅಂತ ಕೊಬ್ಬರಿ ಮೂಟೆ ಕಟ್ಟೋಕೆ ಹೋಗ್ಬೇಡಿ, ಲಗೇಜು ತೂಕ ಜಾಸ್ತಿ ಆದ್ರೆ ಆ ದಾರಿಲಿ ಕೆಜಿಗೆ ಕಟ್ಟೋ ದುಡ್ಡಲ್ಲಿ ನಿಮ್ಮ ತೋಟದ ಒಂದು ಮರದ ವರ್ಷದ ಆದಾಯ ಹೋದೀತು.